ಕನಜಾವ: ಕತ್ತಿಯನ್ನು ಒರೆಯಲ್ಲಿಟ್ಟ ನಗರ

ಕನಜಾವ! ಹೆಸರು ಕೇಳಿದೊಡನೆ ಕನ್ನಡಿಗನಿಗೆ ಕಣಜದ ನೆನಪಾದರೆ ತಪ್ಪಿಲ್ಲ. ಜಪಾನೀ ಭಾಷೆಯಲ್ಲಿ ಅದಕ್ಕೆ ‘ಹೊನ್ನಿನ ಜೌಗು’ ಎಂದರ್ಥವಾದರೂ, ಒಂದು ಕಾಲಕ್ಕೆ ಅದು ನಿಜವಾಗಿಯೂ ಭತ್ತದ ಕಣಜವೇ ಆಗಿದ್ದಿತು. ಆ ಸಿರಿಯೇ ಅದಕ್ಕೆ ಗಂಡಾಂತರವನ್ನೂ ತಂದಿತು.

ಹೊನ್ಷು ದ್ವೀಪದ ಪಶ್ಚಿಮ ಮಗ್ಗುಲಲ್ಲಿ, ಪರ್ವತಗಳಿಗೂ ಜಪಾನ್ ಸಮುದ್ರಕ್ಕೂ ನಡುವೆ ಈ ನಗರವಿದೆ. ಇಶಿಕಾವಾ ಪ್ರಾಂತದ ರಾಜಧಾನಿ. ಜನಸಂಖ್ಯೆ ಸುಮಾರು 4.6 ಲಕ್ಷ. ಸೈಬೀರಿಯದ ಗಾಳಿಯು ಸಮುದ್ರದ ತೇವವನ್ನು ಹೀರಿ ತಂದು ಚಳಿಗಾಲದಲ್ಲಿ ಇಲ್ಲಿ ಹಿಮವನ್ನು ಸುರಿಸುತ್ತದೆ. ಸೈ ಮತ್ತು ಅಸಾನೋ ಎಂಬ ಎರಡು ನದಿಗಳ ನಡುವಣ ದಿಣ್ಣೆಯ ತುದಿಯಲ್ಲಿ ಕೋಟೆಯಿದೆ.

1488ರಲ್ಲಿ ಇಲ್ಲಿನ ಬೌದ್ಧ ಪಂಥವೊಂದರ ರೈತರು ದಂಗೆಯೆದ್ದು ಪ್ರಾಂತಾಧಿಪತಿಯನ್ನು ಕೆಡವಿದರು. ಸುಮಾರು 90 ವರ್ಷ ನಾಡು ಅವರ ಕೈಯಲ್ಲಿಯೇ ಇದ್ದಿತು. 1583ರಲ್ಲಿ ಮಾಯೆದಾ ತೋಷಿಯೆ ಎಂಬ ವೀರನು ಕೋಟೆಯನ್ನು ಪ್ರವೇಶಿಸಿದನು. ಮಾಯೆದಾ ವಂಶದ ಹುಟ್ಟುವಳಿ ಮುಂದೆ ಹತ್ತು ಲಕ್ಷ ‘ಕೊಕು’ಗಳನ್ನು ಮೀರಿತು. ಒಬ್ಬ ಮನುಷ್ಯನ ಒಂದು ವರ್ಷದ ಅಕ್ಕಿಗೆ ಒಂದು ಕೊಕು ಎಂದು ಲೆಕ್ಕ.

ಇಷ್ಟು ಧನಿಕನಾದ ಸಾಮಂತನನ್ನು ದೊರೆ ನಂಬುವನೇ? ತೋಷಿಯೆ ತೀರಿಕೊಂಡ 1599ರಲ್ಲಿಯೇ ಅವನ ಮಗನ ಮೇಲೆ ಒಳಸಂಚಿನ ಆರೋಪ ಬಂದಿತು. ತೊಕುಗಾವಾ ಇಯೆಯಾಸುವಿನ ಸೈನ್ಯವು ದಂಡೆತ್ತಿ ಬರುವ ಸೂಚನೆ ಕಂಡಿತು. ಆಗ ತೋಷಿಯೆಯ ವಿಧವೆ ಮಾತ್ಸು ತಾನೇ ಒತ್ತೆಯಾಳಾಗಿ ಎದೋ ನಗರಕ್ಕೆ, ಎಂದರೆ ಇಂದಿನ ಟೋಕಿಯೋಗೆ, ಹೊರಟಳು. ಆಕೆ ಊರಿಗೆ ಮರಳಿದ್ದು 14 ವರ್ಷಗಳ ಮೇಲೆ, ಆ ಮಗನೂ ಸತ್ತ ಬಳಿಕ.

ವಂಶವು ಈ ಪಾಠವನ್ನು ಮರೆಯಲಿಲ್ಲ. ಮೂರನೆಯ ಒಡೆಯ ತೋಷಿತ್ಸುನೆ ತನ್ನನ್ನು ದಡ್ಡನೆಂದು ಎಲ್ಲರೂ ನಂಬಲೆಂದು ಮೂಗಿನ ಕೂದಲನ್ನು ಬೆಳೆಯಬಿಟ್ಟಿದ್ದನೆಂದು ಐತಿಹ್ಯವುಂಟು. ಆ ‘ದಡ್ಡ’ನೇ 1632ರಲ್ಲಿ ಸೈ ನದಿಯ ಮೇಲ್ದಂಡೆಯಿಂದ ತಾತ್ಸುಮಿ ಕಾಲುವೆಯನ್ನು ತೋಡಿಸಿ ಕೋಟೆಗೆ ನೀರು ತರಿಸಿದನು! ಮಾಯೆದಾ ಒಡೆಯರು ಹಣವನ್ನು ಸೈನ್ಯಕ್ಕೆ ಸುರಿಯದೆ ಮೆರುಗೆಣ್ಣೆಯ ಕೆಲಸ, ರೇಷ್ಮೆಯ ಬಣ್ಣಗಾರಿಕೆ, ನೋ ನಾಟಕ, ಚಹಾಕೂಟಗಳಿಗೆ ಸುರಿದರು. ಎದೋ ಸರಕಾರವು ಚಿನ್ನದ ರೇಕನ್ನು ಬೇರೆಡೆ ತಯಾರಿಸಬಾರದೆಂದು ಕಟ್ಟಪ್ಪಣೆ ಮಾಡಿದಾಗಲೂ ಇಲ್ಲಿಯ ಕುಶಲಿಗಳು ಗುಟ್ಟಾಗಿ ಕುಟ್ಟುತ್ತಲೇ ಇದ್ದರು. ಅತಿ ತೆಳುವಾದ ರೇಕಿಗೆ ಒಣಹವೆ ಆಗದು. ಕನಜಾವದ ತೇವವೇ ಅವರಿಗೆ ವರವಾಯಿತು. ಇಂದಿಗೂ ಜಪಾನಿನ ಚಿನ್ನದ ರೇಕೆಲ್ಲವೂ ಹೆಚ್ಚುಕಡಿಮೆ ಇಲ್ಲಿಯದೇ.

1881ರ ಬೆಂಕಿಯಲ್ಲಿ ಕೋಟೆಯ ಕಟ್ಟಡಗಳು ಬಹುಪಾಲು ಸುಟ್ಟುಹೋದವು. ಆದರೆ ಎರಡನೆಯ ಮಹಾಯುದ್ಧದ ಬಾಂಬುಗಳಿಂದ ನಗರವು ಪಾರಾಯಿತು. ಆದುದರಿಂದಲೇ ಸಮುರಾಯಿಗಳ ಮಣ್ಣುಗೋಡೆಯ ಓಣಿಗಳೂ ಹಳೆಯ ಚಹಾಗೃಹಗಳ ಬೀದಿಗಳೂ ಇಂದಿಗೂ ನೋಡಸಿಗುತ್ತವೆ. 2015ರಿಂದ ಟೋಕಿಯೋದ ವೇಗದ ರೈಲು ಪ್ರವಾಸಿಗಳನ್ನು ಎರಡೂವರೆ ಗಂಟೆಯಲ್ಲಿ ಇಲ್ಲಿಗೆ ಕರೆತರುತ್ತಿದೆ.

ಬಂದವರೆಲ್ಲರೂ ಮಾಯೆದಾ ಒಡೆಯರ ಕೆನ್ರೊಕು ಉದ್ಯಾನಕ್ಕೆ ಹೋಗುತ್ತಾರೆ. ಪ್ರತಿ ನವೆಂಬರಿನಲ್ಲಿ ತೋಟಗಾರರು ಅಲ್ಲಿಯ ಹಳೆಯ ಪೈನ್ ಮರಗಳ ನಡುವೆ ಕಂಬ ನೆಟ್ಟು, ಅದರ ತುದಿಯಿಂದ ಕೊಂಬೆಕೊಂಬೆಗೂ ಹಗ್ಗವನ್ನು ಇಳಿಬಿಟ್ಟು ಕಟ್ಟುತ್ತಾರೆ. ಹಿಮ ಬೀಳುವುದನ್ನು ತಡೆಯಲಾಗದು. ಅದರ ಭಾರಕ್ಕೆ ಕೊಂಬೆ ಮುರಿಯದಂತೆ ನೋಡಿಕೊಳ್ಳಬಹುದು. ಕನಜಾವ ಬದುಕಿ ಉಳಿದದ್ದು ಈ ಜಾಣ್ಮೆಯಿಂದಲೇ.