ಶಾಲೆಯಲ್ಲೂ ಮಕ್ತಬ್‌ನಲ್ಲೂ ತಡವರಿಸುವ ಮಗು

ಆರ್.ಟಿ. ನಗರ, ಕಾವಲ್ ಬೈರಸಂದ್ರ, ಹೆಗಡೆ ನಗರ, ಯಶವಂತಪುರದ ಕಡೆ ಬೆಳೆಯುವ ನಮ್ಮ ಮಕ್ಕಳ ದಿನಚರಿಯನ್ನು ಒಮ್ಮೆ ನೋಡಿ. ಮನೆಯಲ್ಲಿ ಆಡುವುದು ದಖನಿ ಉರ್ದು. ಶಾಲೆಯಲ್ಲಿ ಇಂಗ್ಲಿಷ್ ಮತ್ತು ಕನ್ನಡ. ಸಂಜೆ ಮಕ್ತಬ್‌ನಲ್ಲಿ ಅರಬಿ ಕಾಯಿದಾ. ಎರಡು ಲಿಪಿ ಎಡದಿಂದ ಬಲಕ್ಕೆ, ಒಂದು ಬಲದಿಂದ ಎಡಕ್ಕೆ. ಹೆಚ್ಚಿನ ಮಕ್ಕಳು ಇದನ್ನೆಲ್ಲ ಸಲೀಸಾಗಿ ಕಲಿತುಬಿಡುತ್ತಾರೆ. ಕೆಲವರು ಮಾತ್ರ ಮೂರರಲ್ಲೂ ತಡವರಿಸುತ್ತಾರೆ.

ಅಂಥ ಮಗುವಿನ ಬಗ್ಗೆ ಮೂರು ಕಡೆ ಮೂರು ಮಾತು. ಮನೆಯಲ್ಲಿ ಉರ್ದು ಆಡುತ್ತೀರಿ, ಅದಕ್ಕೇ ಕನ್ನಡ ಬರುವುದಿಲ್ಲ ಎನ್ನುತ್ತಾರೆ ಶಾಲೆಯವರು. ಆಟದ ಮೇಲೆ ಧ್ಯಾನ, ಸೋಮಾರಿ ಎನ್ನುತ್ತಾರೆ ಮಕ್ತಬ್‌ನ ಹಜ್ರತ್. ಮನೆಯಲ್ಲಿ ಮೊಬೈಲನ್ನು ಬೈಯುತ್ತಾರೆ, ಇಲ್ಲವೇ ನಜರ್ ತಗುಲಿದೆ ಎಂದು ತಾವೀಜು ಕಟ್ಟುತ್ತಾರೆ. ಮೂರೂ ಕಡೆ ಕಾಣುತ್ತಿರುವುದು ಒಂದೇ ತೊಂದರೆ ಇರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ, ಏಕೆಂದರೆ ಈ ಮೂವರೂ ಒಟ್ಟಿಗೆ ಕುಳಿತು ಮಾತಾಡುವುದೇ ಇಲ್ಲ.

ಈ ತೊಂದರೆಗೆ ಡಿಸ್ಲೆಕ್ಸಿಯಾ ಎಂಬ ಹೆಸರಿದೆ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲಿಷ್ ವೈದ್ಯರು 14 ವರ್ಷದ ಹುಡುಗನೊಬ್ಬನ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಚುರುಕಾದ ಹುಡುಗ, ಲೆಕ್ಕದಲ್ಲಿ ಹಿಂದೆ ಬಿದ್ದವನಲ್ಲ, ಕಣ್ಣು ಚೆನ್ನಾಗಿಯೇ ಇತ್ತು, ಆದರೆ ಓದಲು ಬರುತ್ತಿರಲಿಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದರೆ ಶಾಲೆಗೇ ಇವನೇ ಜಾಣ ಎಂದು ಅವನ ಮೇಷ್ಟ್ರು ಹೇಳಿದ್ದರಂತೆ. ಇಂದಿಗೂ ಡಿಸ್ಲೆಕ್ಸಿಯಾದ ಗುರುತು ಹೆಚ್ಚುಕಡಿಮೆ ಇದೇ. ಕೇಳಿದ್ದು ಅರ್ಥವಾಗುತ್ತದೆ, ಬಾಯಲ್ಲಿ ಉತ್ತರ ಬರುತ್ತದೆ, ಪುಸ್ತಕ ಹಿಡಿದರೆ ನಿಂತುಹೋಗುತ್ತದೆ. ಅಕ್ಷರವನ್ನು ಅದರ ಧ್ವನಿಯೊಂದಿಗೆ ಜೋಡಿಸುವ ಕೆಲಸ ಆ ಮಗುವಿನ ಮಿದುಳಿಗೆ ಕಷ್ಟ. ಬುದ್ಧಿಯ ಕೊರತೆ ಇದಲ್ಲ. ಅನೇಕ ವೇಳೆ ವಂಶದಲ್ಲಿ ಬರುತ್ತದೆ. ಅಬ್ಬಾಗೋ ಮಾಮೂಗೋ ಚಿಕ್ಕಂದಿನಲ್ಲಿ ಓದು ಹತ್ತದೆ ಶಾಲೆ ಬಿಟ್ಟಿದ್ದರೆ ಆ ವಿಷಯವನ್ನು ವೈದ್ಯರಿಗೆ ಹೇಳಿ. ಎರಡು ಮೂರು ಭಾಷೆ ಆಡುವುದರಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ, ಆದ್ದರಿಂದ ಮನೆಯ ಉರ್ದು ಬಿಡಬೇಕಾಗಿಲ್ಲ. ನೆನಪಿನ ಶಕ್ತಿಯ ಟಾನಿಕ್‌ಗೆ ಹಣ ಸುರಿಯುವುದೂ ಬೇಡ. ಕಣ್ಣು, ಕಿವಿಯ ಪರೀಕ್ಷೆ ಮಾತ್ರ ಮೊದಲು ಆಗಲಿ. ಕಿವಿ ಸೋರುವ ಮಗುವಿಗೆ ಪಾಠವೇ ಸರಿಯಾಗಿ ಕೇಳಿಸದಿರಬಹುದು.

ಹಾಗೆಂದು ಒಂದನೇ ತರಗತಿಯಲ್ಲೇ ಗಾಬರಿಯಾಗಬೇಕಿಲ್ಲ. ಕನ್ನಡದ ಅಕ್ಷರಗಳು ಬಹಳ. ಕಾಗುಣಿತ, ಒತ್ತಕ್ಷರ ಸೇರಿದರೆ ನೂರಾರು. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕನ್ನಡ ಓದುವ ಮಕ್ಕಳ ಅಕ್ಷರ ಕಲಿಕೆ ನಾಲ್ಕನೇ ತರಗತಿಯವರೆಗೂ ಸಾಗುತ್ತದೆ. ಆರು ವರ್ಷದ ಮಗು ‘ಬ’, ‘ಭ’ ಬೆರೆಸಿದರೆ, ಇಂಗ್ಲಿಷಿನ ‘ಬಿ’ ಮತ್ತು ‘ಡಿ’ ತಿರುಗಿಸಿ ಬರೆದರೆ ಅದು ಸಹಜ. ಎರಡು ವರ್ಷ ಸರಿಯಾಗಿ ಕಲಿಸಿದ ಮೇಲೂ ಒಂದು ಸಾಲು ಓದಲು ಬೆವರುತ್ತಿದ್ದರೆ, ನಿನ್ನೆ ಗುರುತಿಸಿದ ಪದ ಇಂದು ಹೊಸದಾಗಿ ಕಂಡರೆ, ಶಾಲೆಯ ದಿನ ಬೆಳಿಗ್ಗೆ ಮಾತ್ರ ಹೊಟ್ಟೆನೋವು ಬಂದರೆ ಯೋಚಿಸಬೇಕು.

ನಮ್ಮ ಮಕ್ಕಳ ವಿಷಯದಲ್ಲಿ ಇನ್ನೊಂದು ಸುಳಿವು ಇದೆ, ಅದು ಸಿಗುವುದು ಮಕ್ತಬ್‌ನಲ್ಲಿ. ಬರೀ ಕನ್ನಡದಲ್ಲಿ ತೊಡಕಿದ್ದರೆ ಭಾಷೆಯ ಅಭ್ಯಾಸ ಸಾಲದೇ ಇರಬಹುದು. ಕಾಯಿದಾದಲ್ಲೂ ಅದೇ ತೊಡಕು ಇದ್ದರೆ? ಬಾ, ತಾ, ಸಾ ಅಕ್ಷರಗಳಿಗೆ ಚುಕ್ಕೆಯಷ್ಟೇ ವ್ಯತ್ಯಾಸ. ಬಿಡಿಯಾಗಿ ಕಲಿತ ಅಕ್ಷರ ಪದದಲ್ಲಿ ಸೇರಿದಾಗ ಆಕಾರವೇ ಬದಲಾಗುತ್ತದೆ. ಅಲ್ಲಿ ತಿಂಗಳುಗಟ್ಟಲೆ ಒಂದೇ ಪುಟದಲ್ಲಿ ನಿಂತ ಮಗು ಶಾಲೆಯಲ್ಲೂ ನಿಂತಿದೆಯೇ ಎಂದು ಕೇಳಬೇಕು. ಇದಕ್ಕೆ ತದ್ವಿರುದ್ಧವಾದದ್ದೂ ನಡೆಯುತ್ತದೆ. ಕಿವಿಯಿಂದ ಕೇಳಿ ಸೂರಾಗಳನ್ನು ಬಾಯಿಪಾಠ ಮಾಡುವ ಮಗು ಪುಟದ ಮೇಲೆ ಬೆರಳಿಟ್ಟು ಓದಿದಂತೆ ತೋರುತ್ತದೆ, ಆದರೆ ಅದು ಹೇಳುತ್ತಿರುವುದು ನೆನಪಿನಿಂದ. ನಡುವಿನ ಒಂದು ಪದವನ್ನು ತೋರಿಸಿ ಕೇಳಿದರೆ ಗೊತ್ತಾಗುತ್ತದೆ.

ಬೆತ್ತದಿಂದ ಡಿಸ್ಲೆಕ್ಸಿಯಾ ಹೋಗುವುದಿಲ್ಲ. ಶಾಲೆಯಲ್ಲಿ ಹೊಡೆಯುವುದನ್ನೂ ಅವಮಾನಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಮಕ್ತಬ್‌ಗೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಮಾತಿದೆ. ತಡವರಿಸುತ್ತ ಕಷ್ಟಪಟ್ಟು ಕುರ್‌ಆನ್ ಓದುವವನಿಗೆ ಎರಡು ಪ್ರತಿಫಲವಿದೆ ಎಂದು ಪ್ರವಾದಿ(ಸ) ಹೇಳಿದ್ದನ್ನು ಹಜ್ರತ್ ಆಯಿಶಾ(ರ) ವರದಿ ಮಾಡಿದ್ದಾರೆ. ಬುಖಾರಿ, ಮುಸ್ಲಿಂ ಎರಡರಲ್ಲೂ ಈ ಹದೀಸ್ ಇದೆ. ಎರಡು ಪ್ರತಿಫಲದ ಹಕ್ಕುದಾರನನ್ನು ಬೆಂಚಿನ ಮೇಲೆ ನಿಲ್ಲಿಸುವುದು ಯಾವ ನ್ಯಾಯ?

ಕಲಿಸುವ ವಿಧಾನ ಮೂರೂ ಕಡೆ ಹೆಚ್ಚುಕಡಿಮೆ ಒಂದೇ. ದಿನಕ್ಕೆ ಒಂದೆರಡೇ ಅಕ್ಷರ, ಧ್ವನಿಯನ್ನು ಬಾಯಿಬಿಟ್ಟು ಹೇಳುತ್ತ ರವೆ ಹರಡಿದ ತಟ್ಟೆಯಲ್ಲಿ ಬೆರಳಿನಿಂದ ಬರೆಸುವುದು, ಹಿಂದಿನದನ್ನು ಮತ್ತೆ ಮತ್ತೆ ಕೇಳುವುದು. ದಪ್ಪ ಅಕ್ಷರದ ಪುಟ ಕೊಟ್ಟು, ಓದುವ ಸಾಲಿನ ಕೆಳಗೆ ರಟ್ಟಿನ ಪಟ್ಟಿ ಇಟ್ಟರೆ ಕಣ್ಣು ಜಾರುವುದಿಲ್ಲ. ತರಗತಿಯ ಎದುರು ಎದ್ದು ನಿಂತು ಓದು ಎನ್ನುವುದನ್ನು ಟೀಚರ್ ನಿಲ್ಲಿಸಬೇಕು. ಬೋರ್ಡಿನಿಂದ ನಕಲು ಮಾಡಿಸುವ ಬದಲು ನೋಟ್ಸ್ ಕೊಡಬಹುದು, ವಿಜ್ಞಾನ ಸಮಾಜದ ಉತ್ತರವನ್ನು ಬಾಯಲ್ಲಿ ಕೇಳಬಹುದು. ಅರವತ್ತು ಮಕ್ಕಳಿರುವ ತರಗತಿಯಲ್ಲೂ ಇಷ್ಟು ಸಾಧ್ಯ.

ಇದು ಶಾಲೆಯವರ ದಯೆಯಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಗುರುತಿಸಿದ 21 ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಅದನ್ನು ಬೇಗ ಗುರುತಿಸಿ ತಕ್ಕ ಬೋಧನಾ ಕ್ರಮ ಕೈಗೊಳ್ಳಬೇಕೆಂದು 16ನೇ ಸೆಕ್ಷನ್ ಹೇಳುತ್ತದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆಗಳೆಲ್ಲ ಇದರಡಿ ಬರುತ್ತವೆ. ಸರ್ಕಾರಿ ಶಾಲೆಯ ಮಗುವಾದರೆ ಮುಖ್ಯ ಶಿಕ್ಷಕರ ಮೂಲಕ ಕ್ಷೇತ್ರ ಸಂಪನ್ಮೂಲ ಕೇಂದ್ರದ ಬಿಐಇಆರ್‌ಟಿ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಶಿಕ್ಷಕರನ್ನು ಕೇಳಿ. ಪೂರ್ಣ ಪರೀಕ್ಷೆಗೆ ಹೊಸೂರು ರಸ್ತೆಯ ನಿಮ್ಹಾನ್ಸ್‌ನ ಮಕ್ಕಳ ವಿಭಾಗವಿದೆ. ಯಶವಂತಪುರದಿಂದ ಹಸಿರು ಮೆಟ್ರೋದಲ್ಲಿ ಲಾಲ್‌ಬಾಗ್‌ವರೆಗೆ ಹೋಗಿ, ಅಲ್ಲಿಂದ ಆಟೋ ಹಿಡಿಯಬಹುದು. ಒಂದೇ ದಿನದಲ್ಲಿ ಮುಗಿಯುವ ಕೆಲಸವಲ್ಲ. ಮಗುವಿನ ನೋಟ್‌ಬುಕ್, ಅಂಕಪಟ್ಟಿ, ಟೀಚರ್ ಬರೆದುಕೊಟ್ಟ ಚೀಟಿ ಜೊತೆಗಿರಲಿ. ಮಕ್ತಬ್‌ನ ಅನುಭವವನ್ನೂ ಹೇಳಿ, ಕೇಳುವವರಿಗೆ ಅದು ತಾನಾಗಿ ತಿಳಿಯುವುದಿಲ್ಲ.

ಪ್ರಮಾಣಪತ್ರ ಸಾಮಾನ್ಯವಾಗಿ ಎಂಟು ವರ್ಷ ತುಂಬಿದ ಮೇಲೆಯೇ ಸಿಗುವುದು. ಸಹಾಯಕ್ಕೆ ಅದನ್ನು ಕಾಯಬೇಕಿಲ್ಲ. ಹೆಣ್ಣುಮಗುವಾದರೆ ನಾಳೆ ಮದುವೆಗೆ ಅಡ್ಡಿಯಾದೀತು ಎಂದು ಎಷ್ಟೋ ಅಮ್ಮಿಯರು ಈ ಕಾಗದವನ್ನೇ ಬೇಡವೆನ್ನುತ್ತಾರೆ. ಕಾಗದವಿಲ್ಲದೆ ಫೇಲಾಗಿ ಏಳನೆಯದಕ್ಕೇ ಮನೆಯಲ್ಲಿ ಕುಳಿತ ಹುಡುಗಿಯರನ್ನು ನಮ್ಮ ಗಲ್ಲಿಗಳಲ್ಲೇ ನೋಡಬಹುದು. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವ ಸಹಾಯಕರು ಬೇಕಾದರೆ ಈ ಪ್ರಮಾಣಪತ್ರದೊಂದಿಗೆ ಶಾಲೆಯೇ ಪರೀಕ್ಷಾ ಮಂಡಳಿಗೆ ಕೋರಿಕೆ ಕಳಿಸಬೇಕು. ಹತ್ತನೇ ತರಗತಿಯ ಪರೀಕ್ಷೆ ಹತ್ತಿರ ಬಂದಾಗ ಓಡಾಡಿದರೆ ಆಗದು, ಒಂಬತ್ತರಲ್ಲಿರುವಾಗಲೇ ಮುಖ್ಯ ಶಿಕ್ಷಕರನ್ನು ಕಂಡು ಅರ್ಜಿ ಕೊಟ್ಟು, ಅದರ ಪ್ರತಿಗೆ ಸೀಲು ಹಾಕಿಸಿಕೊಂಡು ಬನ್ನಿ.