ಗುವಾಂಗ್‌ಝೌ ಪೇಟೆಯಲ್ಲಿ ನಾವು ಕಂಡದ್ದು



ಅಡುಗೆಮನೆಗೆ ಜನ ಸಿಗುತ್ತಿಲ್ಲ ಎಂಬುದು ಈಗ ನಮ್ಮೆಲ್ಲರ ದೊಡ್ಡ ಚಿಂತೆ. ಕುಂದಾಪುರ, ಉಡುಪಿ ಕಡೆಯ ಹುಡುಗರು ಹೈದರಾಬಾದಿನ ಹೋಟೆಲುಗಳಿಗೆ ಬರುವುದು ಬಹಳ ಕಡಿಮೆಯಾಗಿದೆ. ದೋಸೆ ಕಾವಲಿಯ ಮುಂದೆ ನಿಲ್ಲುವ ಭಟ್ಟರು ಒಬ್ಬರು ರಜೆ ಹಾಕಿದರೆ ಅಂದಿನ ಬೆಳಗಿನ ವ್ಯಾಪಾರವೇ ಏರುಪೇರು. ಹಾಗಾಗಿ ಎಲ್ಲರ ಕಣ್ಣು ಯಂತ್ರಗಳ ಮೇಲೆ. ಚೀನಾದಲ್ಲಿ ಅರ್ಧ ಬೆಲೆಗೆ ಸಿಗುತ್ತದೆ ಎನ್ನುವವರೂ ಬಹಳ ಮಂದಿ. ಇದನ್ನು ಕಣ್ಣಾರೆ ನೋಡೋಣವೆಂದು ಕಾಚಿಗೂಡ ಮತ್ತು ಸುತ್ತಮುತ್ತಲಿನ ನಾವು ನಾಲ್ವರು ಹೋಟೆಲಿನವರು ಈಚೆಗೆ ಗುವಾಂಗ್‌ಝೌ ನಗರಕ್ಕೆ ಹೋಗಿಬಂದೆವು.

ಊರು ಹೇಗಿದೆ?

ಹಿಂದೆ ಕ್ಯಾಂಟನ್ ಎಂದು ಕರೆಯುತ್ತಿದ್ದ ಊರೇ ಇದು. ಪರ್ಲ್ ನದಿಯ ದಡದಲ್ಲಿದೆ. 2020ರ ಜನಗಣತಿಯಂತೆ ಜನಸಂಖ್ಯೆ 1 ಕೋಟಿ 86 ಲಕ್ಷ. 1957ರಲ್ಲಿ ಶುರುವಾದ ಕ್ಯಾಂಟನ್ ಫೇರ್ ಎಂಬ ದೊಡ್ಡ ವ್ಯಾಪಾರ ಮೇಳ ವರ್ಷಕ್ಕೆ ಎರಡು ಸಲ, ವಸಂತದಲ್ಲಿ ಮತ್ತು ಶರತ್ಕಾಲದಲ್ಲಿ, ಇಲ್ಲಿ ನಡೆಯುತ್ತದೆ. 2020ರಲ್ಲಿ ನಿಂತಿದ್ದ ನೇರ ವಿಮಾನ 2025ರ ಅಕ್ಟೋಬರ್‌ನಲ್ಲಿ ಕೋಲ್ಕತ್ತದಿಂದ ಮತ್ತೆ ಶುರುವಾಯಿತು. ನಾವೂ ಕೋಲ್ಕತ್ತದ ಮೇಲೆಯೇ ಹೋದೆವು.

ಮೊದಲು ನಮಗೆ ಆಶ್ಚರ್ಯವಾದದ್ದು ಎತ್ತರದ ಕಟ್ಟಡಗಳಲ್ಲ, ರಸ್ತೆಯಲ್ಲಿ ಸದ್ದು ಕಡಿಮೆ ಇರುವುದು. ಬಸ್ಸು, ಸ್ಕೂಟರುಗಳು ಹೆಚ್ಚಾಗಿ ಬ್ಯಾಟರಿಯವು. ಕಾಚಿಗೂಡ ಚೌರಸ್ತೆಯ ಹಾರ್ನ್ ಕೇಳಿ ಅಭ್ಯಾಸವಾದ ನಮಗೆ ಕಿವಿಯೇ ಕಟ್ಟಿದೆಯೇನೋ ಅನ್ನಿಸಿತು. ಎರಡನೆಯದು, ನಗದು ಹಣ ಕೊಡುವವರು ಕಾಣುವುದೇ ಅಪರೂಪ. ಅನೇಕ ಹೋಟೆಲುಗಳಲ್ಲಿ ಟೇಬಲ್ಲಿಗೇ ಕ್ಯುಆರ್ ಚೀಟಿ ಅಂಟಿಸಿರುತ್ತಾರೆ. ಗಿರಾಕಿಯೇ ಫೋನಿನಲ್ಲಿ ಆರ್ಡರ್ ಹಾಕಿ ದುಡ್ಡು ಕಟ್ಟುತ್ತಾನೆ. ಬಿಲ್ ಬರೆಯುವವರೂ ಬೇಡ, ಗಲ್ಲಾದ ಮುಂದೆ ಸಾಲೂ ಇಲ್ಲ.

ಬೆಳಗಿನ ಚಹಾ

ಈ ಊರಿಗೆ ಹೋದ ಹೋಟೆಲಿನವರು ಬೆಳಿಗ್ಗೆ ಒಮ್ಮೆ ಚಹಾದ ಹೋಟೆಲಿನಲ್ಲಿ ಕೂರಲೇಬೇಕು. ವಯಸ್ಸಾದವರು ಬೆಳಿಗ್ಗೆಯೇ ಬಂದು ಪೇಪರ್ ಓದುತ್ತಾ ಗಂಟೆಗಟ್ಟಲೆ ಕೂರುತ್ತಾರೆ. ಕೂತ ಕೂಡಲೇ ಬಿಸಿ ಚಹಾದಲ್ಲೇ ಬಟ್ಟಲು ತೊಳೆದುಕೊಳ್ಳುವುದು ಅಲ್ಲಿಯ ರೂಢಿ. ಯಾರಾದರೂ ಚಹಾ ಬಗ್ಗಿಸಿದರೆ ಎರಡು ಬೆರಳಿನಿಂದ ಮೇಜನ್ನು ತಟ್ಟಿದರೆ ಅದೇ ವಂದನೆ. ಟೀ ಪಾಟಿನ ಮುಚ್ಚಳ ಓರೆ ಮಾಡಿಟ್ಟರೆ ಬಿಸಿನೀರು ಬೇಕೆಂದು ಅರ್ಥ. ಕೂಗಿ ಕರೆಯುವ ಅಗತ್ಯವೇ ಇಲ್ಲ.

ತಿಂಡಿಗಳಲ್ಲಿ ಚೆಂಗ್ ಫನ್ ಎಂಬುದೊಂದಿದೆ. ಅಕ್ಕಿ ನೆನೆಸಿ, ನಮ್ಮ ನೀರುದೋಸೆಯ ಹಿಟ್ಟಿನಂತೆ ತೆಳ್ಳಗೆ ರುಬ್ಬಿ, ತಟ್ಟೆಗೆ ಹೊಯ್ದು ಹಬೆಯಲ್ಲಿ ಬೇಯಿಸಿ ಸುರುಳಿ ಸುತ್ತುತ್ತಾರೆ. ಕಲ್ಲಿನಲ್ಲಿ ರುಬ್ಬಿದ ಹಿಟ್ಟು ಎಂದು ಬೋರ್ಡಿನಲ್ಲಿ ಹೆಮ್ಮೆಯಿಂದ ಬರೆದುಕೊಳ್ಳುವ ಅಂಗಡಿಗಳೂ ಇವೆ. ಒಳಗೆ ಮಾಂಸ, ಸೀಗಡಿ ತುಂಬುವುದೇ ಹೆಚ್ಚು. ಆದ್ದರಿಂದ ನಾವು ನೋಡಿದ್ದಷ್ಟೇ, ತಿನ್ನಲಿಲ್ಲ. ನಮ್ಮ ಊಟ ಬೌದ್ಧರ ಸಸ್ಯಾಹಾರಿ ಹೋಟೆಲುಗಳಲ್ಲಿ ನಡೆಯಿತು. ಅವರ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿ ಹಾಕುವುದಿಲ್ಲ. ಮಠದ ಊಟ ಉಂಡು ಬೆಳೆದ ನಮಗೆ ಇದು ಹೊಸತಲ್ಲ.

ನಮ್ಮ ಕಣ್ಣು ನಿಂತದ್ದು ಆ ಚೆಂಗ್ ಫನ್ ಬೇಯಿಸುವ ಪೆಟ್ಟಿಗೆಯ ಮೇಲೆ. ಬೀರುವಿನ ಖಾನೆಯಂತೆ ಒಂದೊಂದು ತಟ್ಟೆಯನ್ನೂ ಹೊರಗೆಳೆಯಬಹುದು. ನಮ್ಮ ಇಡ್ಲಿ ಪೆಟ್ಟಿಗೆಯ ಬಾಗಿಲು ತೆರೆದರೆ ಎಲ್ಲ ತಟ್ಟೆಗಳ ಹಬೆಯೂ ಹೋಗುತ್ತದೆ. ಅಲ್ಲಿ ಒಂದು ಖಾನೆ ಎಳೆದರೆ ಉಳಿದವುಗಳ ಕಾವು ಹಾಗೇ ನಿಲ್ಲುತ್ತದೆ. ಒಬ್ಬನೇ ಮನುಷ್ಯ ನಿಂತಲ್ಲೇ ಹೊಯ್ದು, ಬೇಯಿಸಿ, ತೆಗೆದು ಕೊಡುತ್ತಾನೆ. ಆರ್ಡರ್ ಬಂದ ಹಾಗೆ ಬಿಸಿಬಿಸಿ.

ಯಂತ್ರದ ಪೇಟೆ

ಪಾನ್ಯು ಭಾಗದಲ್ಲಿ ನಾನ್‌ಟಿಯನ್, ಶಾಶಿ ಎಂಬ ಎರಡು ದೊಡ್ಡ ಹೋಟೆಲ್ ಸಾಮಾನಿನ ಸಗಟು ಪೇಟೆಗಳಿವೆ. ನಮ್ಮ ಬೇಗಂಬಜಾರಿನ ಪಾತ್ರೆ ಅಂಗಡಿಗಳನ್ನೆಲ್ಲ ಒಂದೇ ಸೂರಿನಡಿ ತಂದು ಹಲವು ಪಟ್ಟು ಹಿಗ್ಗಿಸಿದಂತೆ. ಚಮಚದಿಂದ ಹಿಡಿದು ಪಾತ್ರೆ ತೊಳೆಯುವ ಯಂತ್ರದವರೆಗೆ ಎಲ್ಲವೂ ಇದೆ. ಆಸೆ ಆಗುವುದು ಸಹಜ. ಆದರೆ ಕೈಚೀಲ ಬಿಚ್ಚುವ ಮೊದಲು ಈ ಕೆಳಗಿನವನ್ನು ವಿಚಾರಿಸಿ:

1. ಅಂಗಡಿಯ ಬೆಲೆ ನಮ್ಮ ಬೆಲೆಯಲ್ಲ. ಹಡಗಿನ ಬಾಡಿಗೆ, ಕಸ್ಟಮ್ಸ್, ಜಿಎಸ್‌ಟಿ, ಕ್ಲಿಯರಿಂಗ್, ಬಂದರಿನಿಂದ ಹೈದರಾಬಾದಿಗೆ ಲಾರಿ, ಎಲ್ಲ ಸೇರಿಸಿ ಲೆಕ್ಕ ಹಾಕಿ. ಆಮದಿಗೆ ಐಇಸಿ ನಂಬರು ಬೇಕು.

2. ಅಲ್ಲಿಯ ಕರೆಂಟು 220 ವೋಲ್ಟ್, 50 ಹರ್ಟ್ಸ್. ಇದರಿಂದ ತೊಂದರೆ ಇಲ್ಲ. ತ್ರೀ ಫೇಸ್ ಯಂತ್ರಗಳು ಮಾತ್ರ 380 ವೋಲ್ಟಿನವು, ಎಲೆಕ್ಟ್ರಿಷಿಯನ್ನರಲ್ಲಿ ಕೇಳಿಯೇ ತೆಗೆದುಕೊಳ್ಳಿ.

3. ಪೈಪ್ ಗ್ಯಾಸಿನ ಒಲೆ ನಮ್ಮ ಸಿಲಿಂಡರಿಗೆ ಹಾಗೆಯೇ ಆಗದು, ಜೆಟ್ ಬದಲಿಸಬೇಕು.

4. ಸ್ಟೀಲ್, ಅಲ್ಯೂಮಿನಿಯಂ ಪಾತ್ರೆಗಳಿಗೆ ಐಎಸ್‌ಐ ಗುರುತು ಕಡ್ಡಾಯವೆಂದು 2024ರಲ್ಲಿ ಕೇಂದ್ರ ಸರ್ಕಾರ ಆದೇಶ ಮಾಡಿತು. ತರಿಸುವ ದಿನ ಯಾವ ನಿಯಮ ಇದೆಯೆಂದು ಏಜೆಂಟರಿಂದ ಬರೆಸಿಕೊಳ್ಳಿ.

5. ಹೀಟರ್, ಥರ್ಮೋಸ್ಟಾಟ್, ಬಾಗಿಲಿನ ರಬ್ಬರು ಇವುಗಳ ಒಂದು ಸೆಟ್ ಜೊತೆಗೇ ತನ್ನಿ. ನಮ್ಮ ಪರಿಚಯದವರೊಬ್ಬರ ಹೊರದೇಶದ ಯಂತ್ರ ಒಂದು ಸಣ್ಣ ಬೋರ್ಡು ಸಿಗದೆ ಗೋದಾಮಿನ ಮೂಲೆ ಸೇರಿದೆ. ಅದರ ಸಾಲದ ಕಂತು ಮಾತ್ರ ತಿಂಗಳು ತಿಂಗಳು ನಡೆದಿದೆ.

ನಾವು ತಂದದ್ದೇನು?

ನಾವು ಕಂಟೇನರ್ ಬುಕ್ ಮಾಡಲಿಲ್ಲ. ಖಾನೆ ಸ್ಟೀಮರಿನ ಅಳತೆ, ಫೋಟೋ ತಂದೆವು. ಅದರ ಖಾನೆ ತೆಳ್ಳನೆಯ ಹಾಳೆಗೆ ಮಾಡಿದ್ದು. ಇಡ್ಲಿ ಉಬ್ಬುವುದರಿಂದ ನಮಗೆ ಎತ್ತರ ಹೆಚ್ಚು ಬೇಕು. ಈ ಬದಲಾವಣೆ ಮಾಡಿ ಒಂದು ಮಾದರಿ ಕಟ್ಟಿಕೊಡಲು ಬಾಲಾನಗರದ ಶೆಡ್ಡಿನವರೊಬ್ಬರು ಒಪ್ಪಿದ್ದಾರೆ. ಕೆಟ್ಟರೆ ಮರುದಿನವೇ ರಿಪೇರಿಗೆ ಬರುವವರು ಅವರೇ.

ಎಲ್ಲರೂ ಯಂತ್ರ ತರಬೇಡಿ ಎಂದು ನಮ್ಮ ಮಾತಿನ ಅರ್ಥವಲ್ಲ. ಪಾತ್ರೆ ತೊಳೆಯುವ ಯಂತ್ರದಂಥದ್ದನ್ನು ನಾಲ್ಕಾರು ಸದಸ್ಯರು ಒಟ್ಟಾಗಿ ಒಂದೇ ಮಾದರಿಯದು ತರಿಸಿದರೆ ಬಾಡಿಗೆಯೂ ಹಂಚಿಹೋಗುತ್ತದೆ, ಬಿಡಿಭಾಗವೂ ಒಬ್ಬರಿಗೊಬ್ಬರು ಆಗುತ್ತದೆ. ಒಬ್ಬೊಬ್ಬರೇ ಹೋಗಿ ಒಂದೊಂದು ಬಗೆ ತಂದರೆ ಕಷ್ಟವೂ ಒಬ್ಬೊಬ್ಬರದೇ.

ಮಾದರಿ ಸಿದ್ಧವಾದ ಮೇಲೆ ಖರ್ಚಿನ ಲೆಕ್ಕವನ್ನು ಮುಂದಿನ ಸಭೆಯಲ್ಲಿ ಇಡುತ್ತೇವೆ. ಆಸಕ್ತ ಸದಸ್ಯರು ತಮ್ಮ ಹೋಟೆಲಿನಲ್ಲಿ ದಿನಕ್ಕೆ ಎಷ್ಟು ಇಡ್ಲಿ ಹೋಗುತ್ತದೆಂದು ಬರೆದುಕೊಂಡು ಬರಬೇಕಾಗಿ ವಿನಂತಿ.