ಬೋಟಿನ ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ?

ಬೇಲೆಕೇರಿಯ ನನ್ನ ಚಾಚಾ ಒಂದು ರಾತ್ರಿ ಕಡಲಲ್ಲಿ ಲಂಗರು ಹಾಕಿ, ಎಂಜಿನ್ ಬಂದ್ ಮಾಡಿ ಮಲಗಿದ್ದರು. ಬೆಳಿಗ್ಗೆ ಎಂಜಿನ್ ಏಳಲಿಲ್ಲ, ವೈರ್‌ಲೆಸ್ಸೂ ಮಾತಾಡಲಿಲ್ಲ. ಬೇರೊಂದು ಬೋಟಿನವರು ನೋಡಿ ಬೈತಖೋಲ ಬಂದರಿಗೆ ಎಳೆದು ತಂದರು. "ಸಂಜೆ ಮೀಟರ್ 12 ವೋಲ್ಟಿಗಿಂತ ಜಾಸ್ತಿ ತೋರಿಸಿತ್ತು. ನೀನು ಎಲೆಕ್ಟ್ರಾನಿಕ್ಸ್ ಓದುವವನಲ್ಲವೇ, ಇದು ಹೇಗೆ ಹೇಳು" ಎಂದರು ಚಾಚಾ.

ಪೂರ್ತಿ ಚಾರ್ಜ್ ಆದ ಲೆಡ್-ಆಸಿಡ್ ಬ್ಯಾಟರಿ ಸುಮಾರು 12.7 ವೋಲ್ಟ್ ಇದ್ದರೆ, ಬಹುತೇಕ ಖಾಲಿಯಾದದ್ದು ಸುಮಾರು 11.9 ವೋಲ್ಟ್ ಇರುತ್ತದೆ. ವ್ಯತ್ಯಾಸ ಒಂದು ವೋಲ್ಟೂ ಇಲ್ಲ. ಆಗಷ್ಟೇ ಎಂಜಿನ್ ನಿಲ್ಲಿಸಿದ್ದರೆ ಸ್ವಲ್ಪ ಹೊತ್ತು ಹೆಚ್ಚೇ ತೋರಿಸುತ್ತದೆ. ಆದ್ದರಿಂದ ವೋಲ್ಟೇಜ್ ನೋಡಿದರೆ ಸಾಲದು. ಹೋದ ಕರೆಂಟು, ಬಂದ ಕರೆಂಟು ಎರಡನ್ನೂ ಲೆಕ್ಕ ಇಡಬೇಕು. ಅದಕ್ಕೆ ತಂತಿಯ ದಾರಿಯಲ್ಲಿ ಷಂಟ್ ಎಂಬ ಸಣ್ಣ ರೋಧಕ ಹಾಕುತ್ತಾರೆ. ನಾವು ತೆಗೆದುಕೊಂಡದ್ದರಲ್ಲಿ 10 ಆಂಪಿಯರ್ ಹರಿದಾಗ 75 ಮಿಲಿವೋಲ್ಟ್ ಸಿಗುತ್ತದೆ. ಇಷ್ಟು ಚಿಕ್ಕ ಡಿಸಿಯನ್ನು ನಿಖರವಾಗಿ ಅಳೆಯುವುದು ಹೇಗೆ? ಲ್ಯಾಬಿನಲ್ಲಿ ಎರಡು ದಾರಿ ಚರ್ಚೆಗೆ ಬಂದವು.

ಮೊದಲನೆಯದು ವೋಲ್ಟೇಜನ್ನು ಆವೃತ್ತಿಯಾಗಿ ಬದಲಿಸುವ ಎಲ್‌ಎಂ331 ಐಸಿ. ವೋಲ್ಟೇಜ್ ಹೆಚ್ಚಿದಂತೆ ಪಲ್ಸುಗಳೂ ಬೇಗ ಬೇಗ ಬರುತ್ತವೆ. ಮನೆಯ ಹೆಸ್ಕಾಂ ಮೀಟರಿನಲ್ಲಿ ಕೆಂಪು ದೀಪ ಮಿನುಗುವುದನ್ನು ನೋಡಿದ್ದೀರಲ್ಲ, ಹಾಗೆ. ಪಲ್ಸುಗಳನ್ನು ಎಣಿಸುತ್ತಾ ಹೋದರೆ ಮೊತ್ತ ತಾನೇ ಸಿಗುತ್ತದೆ. ಗರಿಷ್ಠ ಆವೃತ್ತಿ 10 ಕಿಲೋಹರ್ಟ್ಸ್ ಆದರೆ ಒಂದು ಸೆಕೆಂಡಿನಲ್ಲಿ 10,000 ಎಣಿಕೆ. 10 ಸೆಕೆಂಡ್ ಕಾದರೆ ಹತ್ತು ಪಟ್ಟು ಸೂಕ್ಷ್ಮ. ಪಲ್ಸನ್ನು ಆಪ್ಟೋಕಪ್ಲರ್ ಮೂಲಕ ದಾಟಿಸಿ, ಎರಡು ಸರ್ಕ್ಯೂಟುಗಳನ್ನು ಸುಲಭವಾಗಿ ಬೇರೆ ಬೇರೆ ಇಡಬಹುದು. ದೂರದ ತಂತಿಯಲ್ಲಿ ಗದ್ದಲ ಸೇರಿದರೂ ಎಣಿಕೆ ಅಷ್ಟಾಗಿ ಕೆಡುವುದಿಲ್ಲ.

ಎರಡನೆಯದು ವೋಲ್ಟೇಜನ್ನು ನೇರವಾಗಿ ಸಂಖ್ಯೆಯಾಗಿಸುವ ಎಡಿಸಿ. 16 ಬಿಟ್‌ನ ಎಡಿಎಸ್1115ನ ಅತಿ ಚಿಕ್ಕ ವ್ಯಾಪ್ತಿಯಲ್ಲಿ ಒಂದು ಮೆಟ್ಟಿಲು 7.8 ಮೈಕ್ರೋವೋಲ್ಟ್. ನಮ್ಮ ಷಂಟಿನಲ್ಲಿ ಅದು ಸುಮಾರು 1 ಮಿಲಿಆಂಪಿಯರ್.

ನನ್ನ ಒಲವು ಪಲ್ಸಿನ ಕಡೆಗಿತ್ತು, ಏಕೆಂದರೆ ಅದು ನಡುವಿನ ಏನನ್ನೂ ಬಿಡುವುದಿಲ್ಲ. ಆದರೆ ಲೆಕ್ಕ ಹಾಕಿದಾಗ ಅಸಲಿ ಶತ್ರು ಬೇರೆಯೇ ಎಂದು ತಿಳಿಯಿತು. ಎಲ್‌ಎಂ331ಗೆ 75 ಮಿಲಿವೋಲ್ಟ್ ಸಾಲದು, ಮುಂದೆ ಆಂಪ್ಲಿಫೈಯರ್ ಬೇಕು. ಲ್ಯಾಬಿನಲ್ಲಿದ್ದ ಎಲ್‌ಎಂ358ರಲ್ಲಿ 2 ಮಿಲಿವೋಲ್ಟಿನಷ್ಟು ಸೊನ್ನೆಯ ದೋಷ ಸಾಮಾನ್ಯ. ಅಂದರೆ ಕರೆಂಟೇ ಇಲ್ಲದಾಗಲೂ 0.27 ಆಂಪಿಯರ್ ಇದ್ದಂತೆ ಎಣಿಕೆ! ಒಂದು ದಿನಕ್ಕೆ 6.4 ಆಂಪಿಯರ್-ಅವರ್ ಸುಳ್ಳು ಲೆಕ್ಕ. ನೂರರ ಬ್ಯಾಟರಿಯಲ್ಲಿ ಹದಿನೈದು ದಿನಕ್ಕೆ ಲೆಕ್ಕವೇ ಬುಡಮೇಲು. ಇದಲ್ಲದೆ ಎಲ್‌ಎಂ331 ಒಂದೇ ದಿಕ್ಕಿನ ವೋಲ್ಟೇಜನ್ನು ಓದುತ್ತದೆ. ಬ್ಯಾಟರಿಗೋ ಹೋಗುವುದೂ ಇದೆ, ಬರುವುದೂ ಇದೆ. ಅದರ ಆವೃತ್ತಿ ನಿರ್ಧರಿಸುವ ಕೆಪಾಸಿಟರ್ ಡಿಸ್ಕ್ ಸೆರಾಮಿಕ್ ಆದರೆ ಸೆಖೆಗೆ ಬೆಲೆ ಬದಲಿಸುತ್ತದೆ. ಕಾರವಾರದ ಏಪ್ರಿಲ್ ನಿಮಗೆ ಗೊತ್ತೇ ಇದೆ.

ಹಾಗಾಗಿ ನಾವು ಎಡಿಸಿ ಆರಿಸಿದೆವು. ಒಳಗೇ ಆಂಪ್ಲಿಫೈಯರ್ ಇದೆ, ಪ್ಲಸ್-ಮೈನಸ್ ಎರಡನ್ನೂ ಓದುತ್ತದೆ. ಸೆಕೆಂಡಿಗೆ 8 ಬಾರಿ ಬಿಡದೆ ಅಳೆಯುವಂತೆ ಇಟ್ಟರೆ ವೈರ್‌ಲೆಸ್ಸಿನ ಗುಂಡಿ ಒತ್ತಿದ ನಾಲ್ಕು ಸೆಕೆಂಡೂ ತಪ್ಪುವುದಿಲ್ಲ. ಮೊದಲು ಇನ್‌ಪುಟ್‌ಗಳನ್ನು ಶಾರ್ಟ್ ಮಾಡಿ, ಬಂದ ಸೊನ್ನೆಯ ದೋಷವನ್ನು ಬರೆದಿಟ್ಟು ಕಳೆಯುತ್ತೇವೆ. ಬ್ಯಾಟರಿ ಪೂರ್ತಿ ಚಾರ್ಜ್ ಆದಾಗಲೆಲ್ಲ ಲೆಕ್ಕವನ್ನು ನೂರಕ್ಕೆ ತಂದು ನಿಲ್ಲಿಸಬೇಕು. ತುಂಬಿಸಿದ್ದೆಲ್ಲ ಬ್ಯಾಟರಿ ಹಿಂತಿರುಗಿಸುವುದಿಲ್ಲವಲ್ಲ.

ಹಾಗೆಂದು ಎಲ್‌ಎಂ331 ಕೆಟ್ಟದ್ದಲ್ಲ. ಸಿಗ್ನಲ್ ದೊಡ್ಡದಿದ್ದು, ನಿಧಾನವಾಗಿ ಬದಲಾಗುತ್ತಿದ್ದು, ದೂರ ಸಾಗಿಸಬೇಕಿದ್ದರೆ ಅದೇ ಸರಿ. ನಿಮ್ಮ ಪ್ರಾಜೆಕ್ಟಿಗೆ ಐಸಿ ಕೊಳ್ಳುವ ಮೊದಲು ಎಷ್ಟು ಬಿಟ್ ಎಂದು ಕೇಳಬೇಡಿ. ಸೊನ್ನೆ ಕೊಟ್ಟಾಗ ಅದು ಎಷ್ಟು ತೋರಿಸುತ್ತದೆ ಎಂದು ಮೊದಲು ಕೇಳಿ.

ಚಾಚಾರ ಬೋಟಿನಲ್ಲಿ ಈಗ ಡಬ್ಬಿಯೊಂದು ಕೂತಿದೆ. ಉಪ್ಪುಗಾಳಿ ತಾಗದಂತೆ ಮುಚ್ಚಳಕ್ಕೆ ಸಿಲಿಕೋನ್ ಬಳಿದಿದ್ದೇವೆ. ರಾತ್ರಿ ಮಲಗುವ ಮುನ್ನ ಅವರು ವೋಲ್ಟ್ ನೋಡುವುದಿಲ್ಲ, ಉಳಿದ ಆಂಪಿಯರ್-ಅವರ್ ನೋಡುತ್ತಾರೆ.